ಮುದ್ದಯ್ಯ ಮೇಷ್ಟ್ರಿಗೊಂದು ಚರ್ಮದ ಬ್ಯಾಗು

ದಸರಾ ರಜೆಗೆ ಮುಂಚೆ ಮಗಳು ಸಾದಿಯಾಳ ಶಾಲೆಯ ಮೇಷ್ಟ್ರುಗಳಿಗೆ ಏನಾದರೂ ಕೊಡಬೇಕೆಂದು ಹೆಂಡತಿ ಫಿರ್ದೋಸ್ ನೆನಪಿಸಿದಾಗ ಅಬ್ದುಲ್ ರಶೀದನಿಗೆ ನಗು ಬಂತು. ತುಮಕೂರಿನ ಶಿರಾ ಗೇಟ್ ಹತ್ತಿರ ಅವನದು ಬ್ಯಾಗಿನ ಅಂಗಡಿ. ಪ್ರತಿ ವರ್ಷ ಈ ಹೊತ್ತಿಗೆ ಮಕ್ಕಳ ಅಪ್ಪ ಅಮ್ಮಂದಿರು ಬಂದು, ಇದ್ದುದರಲ್ಲಿ ಅಗ್ಗದ್ದನ್ನು ಆರಿಸಿ, ದುಬಾರಿ ಡಬ್ಬಿಯಲ್ಲಿ ಹಾಕಿಕೊಡಿ ಎಂದು ಹಲ್ಲು ಗಿಂಜುವುದನ್ನು ಅವನು ನೋಡುತ್ತಲೇ ಬಂದಿದ್ದ. ಕೊಡುವವರ ಮೇಲೂ ಈಸಿಕೊಳ್ಳುವವರ ಮೇಲೂ ಅವನಿಗೆ ಅಷ್ಟಕ್ಕಷ್ಟೇ.

‘ಹೆಡ್ ಮಿಸ್ಸಿಗೆ?’ ಎಂದಳು ಫಿರ್ದೋಸ್.

‘ಅವಮ್ಮ ಕಾರಲ್ಲಿ ಬಂದೋರನ್ನ ಮಾತ್ರ ಕಣ್ಣೆತ್ತಿ ನೋಡೋದು. ಆ ಕೆಂಪು ಪರ್ಸ್ ಹಾಕು. ಹಿಡಿ ಕಿತ್ತೋಗೋ ತನಕ ಹೊಳೀತದೆ.’

ವಿಜ್ಞಾನದ ಮೇಷ್ಟ್ರು ಅರ್ಧ ಪಾಠ ಶಾಲೆಯಲ್ಲಿ ಹೇಳಿ, ಉಳಿದರ್ಧವನ್ನು ಮನೆಯ ಟ್ಯೂಷನ್ನಿಗೆ ಇಟ್ಟುಕೊಳ್ಳುವ ಆಸಾಮಿ. ಅವನ ಪಾಲಿಗೆ ಹೋದ ವರ್ಷ ಯಾರೂ ಕೊಳ್ಳದೆ ಉಳಿದಿದ್ದ ಊಟದ ಬ್ಯಾಗು ಬಂತು.

‘ಎಲ್ರಿಗೂ ಒಂದೇ ಥರದ್ದು ಕೊಟ್ಬಿಡಿ, ಮುಗೀತದೆ.’

‘ಕನ್ನಡದ ಮುದ್ದಯ್ಯಂಗೆ ಮಾತ್ರ ಚರ್ಮದ್ದು’ ಎಂದು ರಶೀದ್ ಗಾಜಿನ ಕಪಾಟು ತೆಗೆದ. ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯ ಬ್ಯಾಗು ಇರಲಿಲ್ಲ. ಫಿರ್ದೋಸ್ ಗಂಡನ ಮುಖ ನೋಡಿ, ಅದಕ್ಕೊಂದು ಡಬ್ಬಿ ಹುಡುಕಿದಳು.

ಮುದ್ದಯ್ಯ ಸರ್ಕಾರಿ ಕೆಲಸದಿಂದ ರಿಟೈರಾಗಿ, ಈ ವರ್ಷವಷ್ಟೇ ಸಾದಿಯಾಳ ಶಾಲೆಗೆ ಸೇರಿದ್ದ. ಹಿಂದೆ ಕುಣಿಗಲ್ಲಿನ ಹೈಸ್ಕೂಲಿನಲ್ಲಿ ರಶೀದನಿಗೂ ಅವನೇ ಮೇಷ್ಟ್ರು. ಒಂದು ದಿನ ಸಂಧಿ ಬಿಡಿಸಲಾಗದೆ ನಿಂತಿದ್ದ ರಶೀದನಿಗೆ, ‘ನಿನ್ ಕೈಗೆ ಪುಸ್ತಕ ಯಾಕ್ಲಾ, ಗುಜರಿ ಚೀಲ ಹಿಡ್ಕೊಂಡ್ ಹೋಗು’ ಎಂದಿದ್ದ. ಇಡೀ ಕ್ಲಾಸು ನಕ್ಕಿತ್ತು. ಆ ವಾರವೇ ರಶೀದ್ ಶಾಲೆ ಬಿಟ್ಟ. ಅಂದಿನಿಂದ ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಚೀಲ ಹಿಡಿದವನು ಏನಾದ ಎಂದು ಮುದ್ದಯ್ಯ ನೋಡಬೇಕು, ನೋಡಿ ತಲೆ ತಗ್ಗಿಸಬೇಕು.

ಭಾನುವಾರ ಅವನು ಸ್ಕೂಟರಿನಲ್ಲಿ ಕ್ಯಾತ್ಸಂದ್ರಕ್ಕೆ ಹೋದ. ಮುದ್ದಯ್ಯ ಬನಿಯನ್ನಿನಲ್ಲೇ ಬಾಗಿಲು ತೆಗೆದ. ಬ್ಯಾಗನ್ನು ಕಂಡದ್ದೇ ಕೈಗೆತ್ತಿಕೊಂಡು ಮೂಸಿದ, ಒಳಗೆ ಕೈ ಹಾಕಿ ಅರೆಗಳನ್ನು ತಡವಿದ.

‘ಅಸಲಿ ಚರ್ಮವೇನಯ್ಯ?’

‘ಅಸಲಿ ಸಾರ್. ನಾನು ಸಾದಿಯಾಳ ಅಪ್ಪ. ಗುರ್ತು ಸಿಕ್ತಾ? ಕುಣಿಗಲ್ಲಲ್ಲಿ ನಿಮ್ ಸ್ಟೂಡೆಂಟು.’

‘ಸಾವಿರ ಜನ ಇದ್ರಪ್ಪ. ಎಲ್ಲಿ ಗ್ಯಾಪ್ಕ ಇರ್ತದೆ.’

‘ಗುಜರಿ ಚೀಲ ಹಿಡ್ಕೊಂಡ್ ಹೋಗು ಅಂದಿದ್ರಿ.’

ಮುದ್ದಯ್ಯ ಹೊಟ್ಟೆ ಕುಲುಕಿಸಿ ನಕ್ಕ. ‘ಅದು ಎಲ್ರಿಗೂ ಅಂತಿದ್ದೆ ಕಣಯ್ಯ. ಬಾಯಿಗೆ ಅಭ್ಯಾಸ ಆಗೋಗಿತ್ತು.’ ಆಮೇಲೆ ಬ್ಯಾಗಿನ ಬಾಯಿ ಮುಚ್ಚಿ, ‘ನಮ್ ಅಳಿಯ ಗುಬ್ಬೀಲವ್ನೆ. ಹಬ್ಬಕ್ಕೆ ಬರ್ತಾನೆ. ಅವ್ನಿಗೂ ಇಂಥದ್ದೇ ಒಂದು ನೋಡು. ಕರೀದು ಬ್ಯಾಡ’ ಎಂದ.

ರಶೀದ್ ‘ಕಳಿಸ್ತೀನಿ ಸಾರ್’ ಎಂದ. ಕೈ ತಾನಾಗಿ ಮುಗಿದಿತ್ತು. ಗೇಟು ದಾಟಿದ ಮೇಲೆ ಅದು ಗೊತ್ತಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ತಲೆ ತಗ್ಗಿಸಲು ಆ ಮನುಷ್ಯನಿಗೆ ನೆನಪಾದರೂ ಇರಬೇಕಲ್ಲ. ಇಂಥವನೊಬ್ಬನ ಬಾಯಿಚಪಲವನ್ನು ತಾನು ಅರ್ಧ ಆಯುಸ್ಸು ಹೊತ್ತು ತಿರುಗಿದ್ದ.

ಅಳಿಯನಿಗೆಂದು ಜಿಪ್ ಸರಿಯಿಲ್ಲದ ಕಂದು ಬ್ಯಾಗೊಂದನ್ನು ಹುಡುಕಿ, ಬಣ್ಣದ ಕಾಗದ ಸುತ್ತಿಸಿ ಕಳಿಸಿದ. ಅದರಿಂದಲೂ ಸಮಾಧಾನವೇನೂ ಆಗಲಿಲ್ಲ.

ರಜೆ ಮುಗಿದು ಶಾಲೆ ತೆರೆದ ದಿನ ಸಾದಿಯಾ ಅಪ್ಪನ ಹತ್ತಿರ ಓಡಿಬಂದಳು. ‘ಅಬ್ಬಾ, ಮುದ್ದಯ್ಯ ಸಾರ್ ನನ್ನ ಕ್ಲಾಸ್ ಲೀಡರ್ ಮಾಡಿದ್ರು. ನನ್ ಕನ್ನಡ ಭಾಳ ಚೆನ್ನಾಗಿದೆಯಂತೆ.’

ಒಳಗಿನಿಂದ ಫಿರ್ದೋಸ್ ಗಂಡನನ್ನೇ ನೋಡುತ್ತಿದ್ದಳು. ಹುಡುಗಿ ನಿಜಕ್ಕೂ ಚೆನ್ನಾಗಿ ಓದುತ್ತಿದ್ದಳು. ಲೀಡರ್ ಪಟ್ಟ ಓದಿಗೆ ಬಂತೋ ಬ್ಯಾಗಿಗೆ ಬಂತೋ ಎಂದು ಇನ್ನು ತಿಳಿಯುವಂತಿರಲಿಲ್ಲ; ಅದೇ ಅವನ ಹೊಟ್ಟೆ ಉರಿಸಿತು.

‘ಒಳ್ಳೇದಾಯ್ತು ಬುಡಮ್ಮ’ ಎಂದ ರಶೀದ್, ಮಗಳ ಮುಖ ನೋಡದೆ.