ಬಲೂನು ಒಡೆದ ಗಳಿಗೆ

ಗಡಿಯಾರ ರಿಪೇರಿ ಮಾಡುವ ತಮ್ಮನಿಗೆ, ನೀರು ತುಂಬಿದ ಬಲೂನು ಒಡೆಯುವ ಗಳಿಗೆಯನ್ನೇ ಫೋಟೊದಲ್ಲಿ ಹಿಡಿಯುವ ಹುಚ್ಚು ಹತ್ತಿತ್ತು. ಸದ್ದಾದ ಕೂಡಲೇ ಫ್ಲ್ಯಾಶ್ ಹೊತ್ತಿಸುವ ಪುಟ್ಟ ಯಂತ್ರವನ್ನು ತಾನೇ ಜೋಡಿಸಿದ್ದ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿ, ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ನಲ್ಲಿಗೆ ಬಲೂನು ತೂಗುಹಾಕಿದ್ದೂ ಆಯಿತು. ಚುಚ್ಚಲು ಮಾತ್ರ ನರ್ಸ್ ಆಗಿದ್ದ ಅಕ್ಕನೇ ಬೇಕಾಯಿತು.

ಆರು ಸಲ ಎಲ್ಲ ಕೆಟ್ಟಿತು. ಅಕ್ಕ ಬಾಯಿ ಮುಚ್ಚಿಕೊಂಡಿರುವ ಜಾತಿಯೇ ಅಲ್ಲ. ಅವಳು "ಈಗ ಚುಚ್ಲಾ?" ಎಂದರೆ ಸಾಕು, ಬಲೂನು ಒಡೆಯುವ ಮೊದಲೇ ಫ್ಲ್ಯಾಶ್ ಹೊತ್ತಿಬಿಡುತ್ತಿತ್ತು.

"ಅಯ್ಯೋ ಮಾರಾಯ್ತಿ, ಕಲ್ಲಿನ ಹಾಗೆ ನಿಂತ್ಕೊಳೆ, ನನ್ನ ಥರ!" ಎಂದು ತಮ್ಮ ರೇಗಿದ.

ಏಳನೆಯ ಸಲ ಅವಳು ತುಟಿಪಿಟಕ್ಕೆನ್ನಲಿಲ್ಲ. ಟಪ್ ಎಂದಿತು, ಬೆಳಕು ಮಿಂಚಿತು, ಇಬ್ಬರ ಕಾಲೂ ನೆನೆದವು.

ಫೋಟೊದಲ್ಲಿ ರಬ್ಬರು ಚಿಂದಿಯಾಗಿದ್ದರೂ ನೀರು ಬಲೂನಿನ ಆಕಾರದಲ್ಲೇ ಗಾಳಿಯಲ್ಲಿ ನಿಂತಿತ್ತು. ಅದರ ಹಿಂದೆ ಅಕ್ಕ, ಹಲ್ಲು ಕಚ್ಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ದಿನಾ ನೂರು ಜನಕ್ಕೆ ಚುಚ್ಚೋಳು ಒಂದು ಬಲೂನಿಗೆ ಹೆದರೋದಾ! ಇದನ್ನ ನಿಮ್ಮ ಆಸ್ಪತ್ರೆ ಗೋಡೆಗೇ ಹಾಕಿಸ್ತೀನಿ!"

"ಧಾರಾಳವಾಗಿ ಹಾಕ್ಸು," ಎನ್ನುತ್ತಾ ಅಕ್ಕ ಫೋಟೊದ ಮೂಲೆಯನ್ನು ದೊಡ್ಡದು ಮಾಡಿದಳು. "ಈ ಕನ್ನಡೀಲಿ ಇರೋ ಕಲ್ಲು ಯಾರದೂಂತ ಕೆಳಗೆ ಬರೆಸು."

ಗೋಡೆಯ ಕನ್ನಡಿಯಲ್ಲಿ ತಮ್ಮನಿದ್ದ. ಎರಡೂ ಕಿವಿಗೆ ಬೆರಳು ತುರುಕಿ, ಅಕ್ಕನಿಗಿಂತ ಗಟ್ಟಿಯಾಗಿ ಕಣ್ಣು ಮುಚ್ಚಿ, ಕೊಳೆ ಬಟ್ಟೆಯ ಬುಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ.