ಮಂಡಿಯ ನೀರು

ಸತ್ತ ದರ್ಜಿಯ ಮಂಡಿಯನ್ನು ಅವನ ತಮ್ಮನ ಮಗ ಎರಡೂ ಅಂಗೈ ಊರಿ ಕೆಳಕ್ಕೆ ಅದುಮುತ್ತಿದ್ದ. ಬಲಗಾಲು ಮಾತ್ರ ನೆಟ್ಟಗಾಗಲೊಲ್ಲದು.

“ಒತ್ತಬೇಡಿ, ನೋಯುತ್ತೆ!”

ಬಾಗಿಲಲ್ಲಿ ನಿಂತ ಹೆಂಗಸು ಹಾಗೆಂದವಳೇ ನಾಲಿಗೆ ಕಚ್ಚಿಕೊಂಡಳು. ಮೂರು ಮಹಡಿ ಹತ್ತಿದ ಏದುಸಿರು ಇನ್ನೂ ನಿಂತಿರಲಿಲ್ಲ.

“ನೀವು...?”

“ಆಸ್ಪತ್ರೆ ನರ್ಸು. ಬೆಳಿಗ್ಗೆ ಫೋನ್ ಮಾಡಿದ್ರಲ್ಲ.”

“ಓ, ಬನ್ನಿ. ದೊಡ್ಡಪ್ಪನ ಜೇಬಲ್ಲಿದ್ದ ಚೀಟೀಲಿ ನಿಮ್ಮದೊಂದೇ ನಂಬರ್ ಇತ್ತು. ಹತ್ತಿರದ ನೆಂಟರು ಅಂದ್ಕೊಂಡ್ವಿ.”

ನರ್ಸು ಹೊದಿಕೆಯೊಂದನ್ನು ಮಡಿಸಿ ಮಂಡಿಯ ಅಡಿಗೆ ಇಟ್ಟಳು. “ಹೀಗೇ ಇರಲಿ ಬಿಡಿ.”

*

ಹೊಲಿಗೆ ಮಷಿನ್ ತುಳಿದೂ ತುಳಿದೂ ಸವೆದ ಮಂಡಿ. ದರ್ಜಿ ಮೊದಲ ಸಲ ಆಸ್ಪತ್ರೆಗೆ ಬಂದಾಗ ಒಳಗೆ ನೀರು ತುಂಬಿ ಗುಂಡಗೆ ಊದಿಕೊಂಡಿತ್ತು. ಡಾಕ್ಟರು ಮಂಡಿಚಿಪ್ಪಿನ ಪಕ್ಕದಲ್ಲಿ ಸ್ಪಿರಿಟ್ ಒರೆಸಿ ಸೂಜಿ ಎತ್ತಿದಾಗ ಆತ ಕಣ್ಣರಳಿಸಿದ್ದ.

“ನಲವತ್ತು ವರ್ಷದಿಂದ ಸೂಜಿ ಹಿಡಿದಿದ್ದೀನಿ. ಇಷ್ಟುದ್ದದ್ದು ಯಾವ ಬಟ್ಟೆಗಮ್ಮಾ?”

ನರ್ಸು ನಕ್ಕು ಅವನ ಕೈ ಹಿಡಿದುಕೊಂಡಳು. ಸಿರಿಂಜಿಗೆ ಹಳದಿ ನೀರು ನಿಧಾನವಾಗಿ ಏರಿತು. ಬ್ಯಾಂಡೇಜು ಸುತ್ತಿ ಮುಗಿದರೂ ಆತ ಕೈ ಬಿಡಲಿಲ್ಲ. ತುರ್ತಿಗೆ ಯಾರ ನಂಬರ್ ಬರೆಯಲಿ ಎಂದು ಕೇಳಿದ್ದಕ್ಕೆ, “ನಿಮ್ಮದೇ ಬರ್ಕೊಳ್ಳಿ,” ಎಂದ. ತಮಾಷೆ ಎಂದುಕೊಂಡೇ ಅವಳು ಅವನ ಆಸ್ಪತ್ರೆ ಚೀಟಿಯಲ್ಲಿ ಬರೆದಳು.

ಎರಡು ತಿಂಗಳಿಗೊಮ್ಮೆ ನೀರು ತುಂಬುವುದು, ತೆಗೆಸಿಕೊಳ್ಳುವುದು. ಐದನೇ ಸಲ ಡಾಕ್ಟರು ಮಂಡಿ ಮುಟ್ಟಿ ನೋಡಿ, “ಊತ ಪೂರ್ತಿ ಇಳಿದಿದೆ. ಇನ್ನು ಬರೋದೇ ಬೇಡ,” ಎಂದರು.

“ಒಂದ್ಸಲ ಚುಚ್ಚಿ ನೋಡಬಹುದಲ್ವಾ?”

“ಒಣಗಿದ ಬಾವಿಗೆ ಯಾರಾದ್ರೂ ಕೊಡ ಇಳಿಸ್ತಾರಾ ಯಜಮಾನ್ರೇ?”

ಹೊರಗಿನ ಬೆಂಚಿನ ಮೇಲೆ ಆತ ತುಂಬ ಹೊತ್ತು ಕೂತಿದ್ದ. ನರ್ಸು ಹಾದುಹೋಗುವಾಗ ಕೇಳಿದ: “ಅಮ್ಮಾ, ಸುಮ್ಮನೆ ಬಂದ್ರೆ ಬೈತಾರಾ?”

ಒಳಗಿನಿಂದ ಯಾರೋ ಕರೆದರು. “ಈಗ ಬಂದೆ,” ಎಂದು ಹೋದಳು. ಮರಳಿದಾಗ ಬೆಂಚು ಖಾಲಿ. ಆತ ಮತ್ತೆ ಬರಲಿಲ್ಲ.

*

ಹೆಣ ಒಯ್ಯುವ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು. ತಮ್ಮನ ಮಗನ ಹೆಂಡತಿ ದನಿ ತಗ್ಗಿಸಿದಳು. “ದೊಡ್ಡಮಾವನ್ನ ನಾನು ನೋಡಿದ್ದೇ ಎರಡು ಸಲ. ಹೇಗಿದ್ರು ಅವರು?”

“ತಮಾಷೆ ಮಾಡೋರು,” ಎಂದಳು ನರ್ಸು.

“ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ.”

ಕೋಣೆಯಲ್ಲಿ ಎರಡು ಕುರ್ಚಿಗಳು. ಒಂದರ ಮೆತ್ತೆ ಸವೆದು ಹತ್ತಿ ಹೊರಬಂದಿತ್ತು. ಮೇಜಿನ ಆಚೆಬದಿಯದಕ್ಕೆ ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕು, ಎಷ್ಟೋ ವರ್ಷಗಳಿಂದ ಮಾಸಿ ಮಂಕಾಗಿ, ಯಾರೂ ಕೂತ ಸುಕ್ಕಿಲ್ಲದೆ ಹಾಗೇ ಇತ್ತು.

ನರ್ಸು ಅದರ ಮೇಲೆ ಕೂತಳು. ಪ್ಲಾಸ್ಟಿಕ್ಕು ಚರಚರನೆ ಸದ್ದು ಮಾಡಿತು.