ರೋಹಿಣಿ ಬಂತೇನು?

ಪ್ರಣತಿಗೆ ಅನುಮಾನ ಹುಟ್ಟಿದ್ದು ಗ್ಯಾರೇಜಿನ ಬಾಗಿಲಲ್ಲಿ. ಮೇ ತಿಂಗಳ ಕೊನೆಯ ಶನಿವಾರ. ಸಿಡ್ನಿಯ ಬಡಾವಣೆ ದಿ ಪಾಂಡ್ಸ್‌ನ ಅಷ್ಟೂ ಮನೆಗಳು ಬೆಳಗಿನ ಚಳಿಗೆ ಮುಸುಕೆಳೆದು ಮಲಗಿದ್ದವು. ವಾಷಿಂಗ್ ಮೆಷಿನ್‌ಗೆ ಬಟ್ಟೆ ಹಾಕಲು ಹೋದವಳಿಗೆ ಒಳಗಿನಿಂದ ಗಂಡ ವಿರುಪಾಕ್ಷನ ದನಿ ಕೇಳಿಸಿತು. ಯಾರೊಂದಿಗೋ ಫೋನಿನಲ್ಲಿದ್ದ.

"ಲೇ ಸಂಕೇತ, ರೋಹಿಣಿ ಬಂತೇನು? ರಾತ್ರಿ ಪೂರಾ ಇತ್ತೇನು? ನಿನ್ನ ನಸೀಬ ಚಲೋ ಐತಿ ಬಿಡು. ಹ್ವಾದ ವರ್ಷ ಬರೇ ಮುಖ ತೋರಿಸಿ ಓಡಿ ಹೋಗಿತ್ತು." ನಕ್ಕ. ಆಮೇಲೆ ದನಿ ತಗ್ಗಿಸಿ ಹೇಳಿದ: "ಸ್ವಾತಿ ಬರೂದ್ರಾಗ ನಾನೂ ಅಲ್ಲೇ ಇರತೇನಿ. ಮನ್ಯಾಗ ಇನ್ನೂ ಹೇಳಿಲ್ಲೋ. ಹೇಳಿದ್ರ ರಾಮಾಯಣ ಆಗತೈತಿ."

ಒಬ್ಬಳಲ್ಲ, ಇಬ್ಬರು! ಪ್ರಣತಿ ಒದ್ದೆ ಟವೆಲ್ಲನ್ನು ಎದೆಗವಚಿಕೊಂಡು ನಿಂತೇ ಇದ್ದಳು.

ಬೇರೆ ಯಾರಾದರೂ ಆಗಿದ್ದರೆ 'ಬಂತು' ಎಂಬ ಮಾತು ಕೇಳಿ ಯಾವುದೋ ಪಾರ್ಸೆಲ್ಲು ಇರಬೇಕೆಂದು ಸುಮ್ಮನಾಗುತ್ತಿದ್ದರು. ಆದರೆ ಪ್ರಣತಿ ಮೈಸೂರಿನಿಂದ ಧಾರವಾಡದ ಮನೆಗೆ ಸೊಸೆಯಾಗಿ ಹೋದವಳು. ಮೊದಲ ದಿನವೇ ಅತ್ತೆ ಅನ್ನಪೂರ್ಣವ್ವ ಓಣಿಯವರನ್ನೆಲ್ಲ ಕರೆದು "ನಮ್ಮ ಸೊಸಿ ಬಂತು ನೋಡ್ರೆವ್ವಾ, ಭಾಳ ಚಲೋ ಐತಿ" ಎಂದಿದ್ದರು. ನಾನೇನು ಎಮ್ಮೆಕರುವೇ ಎಂದು ಅವಳು ಊಟ ಬಿಟ್ಟು ಮುನಿಸಿಕೊಂಡಿದ್ದಳು. ಅದು ಅಕ್ಕರೆ, ನಮ್ಮ ಕಡೆ ಮನೆಯ ಹೆಣ್ಣುಮಕ್ಕಳಿಗೆಲ್ಲ ಹಾಗೇ ಅನ್ನುತ್ತಾರೆ ಎಂದು ರಮಿಸಿ ಉಣ್ಣಿಸಿದವನು ಇದೇ ವಿರುಪಾಕ್ಷ. ಈಗ ಆ ಅಕ್ಕರೆ ಯಾವಳೋ ರೋಹಿಣಿಯ ಪಾಲಾಗಿತ್ತು.

ವಿರುಪಾಕ್ಷನ ಕೆಲಸ ಮೆಲ್ಬರ್ನಿನಲ್ಲಿ. ಧಾನ್ಯದ ವ್ಯಾಪಾರಿಗಳಿಗೆ ಎಲ್ಲಿ ಮಳೆ, ಎಲ್ಲಿ ಬೆಳೆ ಎಂದು ಮುಂಚಿತವಾಗಿ ಹೇಳುವ ಕಂಪನಿ. ಡಾಕ್‌ಲ್ಯಾಂಡ್ಸ್‌ನ ಗೂಡಿನಂಥ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದು, ಆದಾಗ ಸಿಡ್ನಿಗೆ ಬಂದುಹೋಗುತ್ತಿದ್ದ. ಈ ಓಡಾಟ ಸಾಕು, ಒಂದೇ ಸೂರಿನಡಿ ಇರೋಣ ಎಂದು ಗಂಡ ಹೆಂಡತಿ ನಿಶ್ಚಯಿಸಿಯಾಗಿತ್ತು. ಮಗಳು ಆದ್ಯಾಳ ಸ್ಕೂಲಿಗಾಗಿ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಒಂದು ಮನೆ ನೋಡಿಟ್ಟಿದ್ದರು. ಜೂನಿನ ಲಾಂಗ್ ವೀಕೆಂಡ್‌ಗೆ ಹೋಗಿ ಅದನ್ನು ಗಟ್ಟಿ ಮಾಡುವುದು, ಮರಳಿ ಬಂದು ಮಂಗಳವಾರ ಪ್ರಣತಿ ತನ್ನ ಆಫೀಸಿನಲ್ಲಿ ರಾಜೀನಾಮೆ ಕೊಡುವುದು. ವರ್ಷಗಟ್ಟಲೆ ಹೆಣಗಿ ಈಗಷ್ಟೇ ಮ್ಯಾನೇಜರ್ ಆಗಿದ್ದಳು. ಆ ಕುರ್ಚಿಯನ್ನು ಇಂಥವನಿಗಾಗಿ ಬಿಡಬೇಕೆ ಎಂಬ ಪ್ರಶ್ನೆ ಈಗ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಕಟುಕ್ಕೆನ್ನತೊಡಗಿತು.

ಅನುಮಾನ ಬಂದವರಿಗೆ ಪುರಾವೆಗೆ ಬರವೇ? ಅವನ ಫೋನಿನ ಹವಾಮಾನದ ಪುಟದಲ್ಲಿ ಸಿಡ್ನಿ, ಮೆಲ್ಬರ್ನಿನ ಕೆಳಗೆ ಮೂರನೆಯದೊಂದು ಊರು ಕೂತಿತ್ತು. ಇಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೆ ಅಲ್ಲಿ ಮೂವತ್ತು ಡಿಗ್ರಿ. "ಇದ್ಯಾವ ಊರು?" ಎಂದರೆ "ಆಫೀಸಿಂದು" ಎಂದ. ಬೆಳಿಗ್ಗೆ ಯಾರ ಹತ್ತಿರ ಮಾತಾಡ್ತಿದ್ದೆ ಎಂದರೆ ಅದೂ ಆಫೀಸಿಂದು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಕೊಡುವ ಗಂಡಸನ್ನು ಪ್ರಣತಿ ಯಾವತ್ತೂ ನಂಬಿದವಳಲ್ಲ.

ಲಾಂಗ್ ವೀಕೆಂಡ್‌ಗೆ ತಾಯಿ ಮಗಳು ಮೆಲ್ಬರ್ನಿಗೆ ಬಂದಿಳಿದರು. ವಿರುಪಾಕ್ಷ ಹಾಲು ತರಲು ಇಳಿದು ಹೋದದ್ದೇ ತಡ, ಪ್ರಣತಿ ಬೀರು ತೆರೆದಳು. ಅಂಗಿಗಳ ಹಿಂದೆ ಹೊಚ್ಚಹೊಸ ಕೋಟೊಂದು ನೇತಾಡುತ್ತಿತ್ತು, ಹಾಸಿಗೆಯಷ್ಟು ದಪ್ಪ. ಮೈನಸ್ ಮೂವತ್ತರವರೆಗೂ ತಡೆಯುತ್ತದೆ ಎಂಬ ಚೀಟಿ ಇನ್ನೂ ಅಂಟಿಕೊಂಡಿತ್ತು. ನಾಚಿಕೆ ಬಿಟ್ಟು ಕಾಲರ್ ಮೂಸಿದಳು. ಹೊಸ ಬಟ್ಟೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದೂ ಅವಳಿಗೆ ಅನುಮಾನಕ್ಕೇ ಕಾರಣವಾಯಿತು.

"ಈ ಕೋಟು ಯಾಕೆ?" ಎಂದು ಅವನು ಬಂದೊಡನೆ ಕೇಳಿದಳು.

"ಮೆಲ್ಬರ್ನ್ ಚಳಿ ನಿನಗೇನ್ ಗೊತ್ತ?"

"ಮೆಲ್ಬರ್ನಲ್ಲಿ ಇಷ್ಟು ಚಳಿ ಇದ್ದಿದ್ರೆ ಟ್ರಾಮಲ್ಲಿ ಜನರ ಬದಲು ಐಸ್ ಕ್ಯಾಂಡಿ ಓಡಾಡ್ತಿದ್ವು."

ಅವನು ನಕ್ಕು, ಹಾಲು ಕಾಯಿಸಲು ಒಳಗೆ ಹೋದ. ಕಣ್ಣು ಮಾತ್ರ ತಪ್ಪಿಸಿದ.

ಮರುದಿನ ಬೆಳಿಗ್ಗೆ ಆದ್ಯಾ ಇನ್ನೂ ಮಲಗಿದ್ದಳು. ಬಾಲ್ಕನಿಯಲ್ಲಿ ಮತ್ತೆ ಅದೇ ಮೆಲುದನಿ: "ರೋಹಿಣಿ ಮುಗೀತಲ್ಲೋ ಸಂಕೇತ. ಭಾಳ ನೆನಪಾಗತೈತಿ ಬಿಡು."

ಪ್ರಣತಿ ಗಾಜಿನ ಬಾಗಿಲನ್ನು ದಡಾರನೆ ಸರಿಸಿದಳು. "ಯಾರು ವಿರೂ ಈ ರೋಹಿಣಿ? ಇವತ್ತು ನಂಗೆ ಗೊತ್ತಾಗ್ಲೇಬೇಕು. ಆಮೇಲೇನೇ ಮನೆ, ರಾಜೀನಾಮೆ, ಎಲ್ಲಾ."

ವಿರುಪಾಕ್ಷ ಕಣ್ಣುಕಣ್ಣು ಬಿಟ್ಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗುತ್ತಲೇ ಸ್ಪೀಕರ್ ಒತ್ತಿದ. "ನೀನs ಹೇಳಪಾ ಸಂಕೇತ, ಯಾರಂತ."

"ವೈನಿ, ನಮಸ್ಕಾರ್ರಿ" ಎಂದಿತು ಫೋನು. "ರೋಹಿಣಿ ಅಂದ್ರ ಮಳಿ ರೀ! ರೋಹಿಣಿ ಮಳಿ!"

ಸಂಕೇತ ಧಾರವಾಡದ ಕೃಷಿ ಕಾಲೇಜಿನಲ್ಲಿ ವಿರುಪಾಕ್ಷನ ಜೊತೆ ಓದಿದವನು. ಈಗ ಅಮೆರಿಕದ ಐಯೋವಾದಲ್ಲಿ, ನಮ್ಮ ತಾಲ್ಲೂಕಿನಂಥ ಒಂದು ಕೌಂಟಿಯಲ್ಲಿದ್ದ. ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಮೆಲ್ಬರ್ನಿನಲ್ಲಿ ಕೂತು ಆ ಕೌಂಟಿಯ ಹವೆ ನೋಡುವುದೇ ವಿರುಪಾಕ್ಷನ ಕೆಲಸ; ಫೋನಿನಲ್ಲಿದ್ದ ಮೂರನೆಯ ಊರೂ ಅಲ್ಲಿಯದೇ. ಅಲ್ಲಿ ಜನವರಿಯಲ್ಲಿ ಬಿಟ್ಟ ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುತ್ತದಂತೆ. ಮಾರ್ಚಿಗೆ ಹಿಮ ಕರಗಿ ದಾರಿಯೆಲ್ಲ ರಾಡಿ. ಬಿತ್ತನೆಯ ಗಡಿಬಿಡಿಯ ನಡುವೆಯೇ ಸುಂಟರಗಾಳಿಯ ಸೈರನ್ನು ಕೂಗುತ್ತದೆ. ಜುಲೈಯ ಜಿಗುಟು ಧಗೆಯಲ್ಲಿ ಮನುಷ್ಯರು ಬಾಡಿದರೆ ಜೋಳ ಆಳೆತ್ತರ ನಿಲ್ಲುತ್ತದೆ.

"ಇಲ್ಲೀ ಮಂದಿ ಮಳೀನ ಇಂಚಿನ್ಯಾಗ ಅಳೀತಾರ್ರಿ ವೈನಿ, ಹೆಸರs ಇಡೂದಿಲ್ಲ" ಎಂದ ಸಂಕೇತ. "ಅದಕ್ಕ ನಾವಿಬ್ರೂ ನಮ್ಮ ಮಳಿ ನಕ್ಷತ್ರದ ಹೆಸರು ಇಟ್ಟೀವಿ. ಭರಣಿಯೊಳಗ ಬಿತ್ತತಾರ, ರೋಹಿಣಿಯೊಳಗ ಗುಡುಗತೈತಿ, ಮಘಿಯೊಳಗ ತೆನಿ ಕಟ್ಟತೈತಿ."

ಪ್ರಣತಿಗೆ ನಗು ಬಂತು, ಅಳುವೂ ಬಂತು. ಮಳೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ನಾಚಿ ಗಂಡನ ಬೆನ್ನಿಗೊಂದು ಗುದ್ದಿದಳು. ಎದೆ ಹಗುರಾಗಿತ್ತು. ಒಳಗಿನಿಂದ ಚಹಾ ತಂದು ಅವನ ಲೋಟಕ್ಕೆ ಬಗ್ಗಿಸತೊಡಗಿದಳು.

"ಹಾಗಾದ್ರೆ ಸ್ವಾತೀನೂ ಮಳೇನಾ?"

"ಮತ್ತ? ಸ್ವಾತಿ ಮಳಿ."

"ಅದು ಯಾವಾಗ?"

"ಅಕ್ಟೋಬರ್ ಕೊನೀಗ. ಸುಗ್ಗಿ ಮುಗಿಯಾಕ ಬಂದಿರತೈತಿ, ಬೆಳಿಗ್ಗೆದ್ರ ನೆಲದ ಮ್ಯಾಲೆ ಬೆಳ್ಳಗ ಇಬ್ಬನಿ ಹೆಪ್ಪುಗಟ್ಟಿರತೈತಿ. ಅಲ್ಲಿಂದ ಮುಂದ ಹಿಮಾನ." ಕಣ್ಣಾರೆ ಕಂಡವನ ಹಾಗೆ ಹೇಳಿದ.

ಪ್ರಣತಿಯ ಕೈ ನಿಂತಿತು. 'ಸ್ವಾತಿ ಬರೂದ್ರಾಗ ನಾನೂ ಅಲ್ಲೇ ಇರತೇನಿ. ಮನ್ಯಾಗ ಇನ್ನೂ ಹೇಳಿಲ್ಲೋ.' ಸ್ವಾತಿ ಹೆಂಗಸಲ್ಲವೆಂದ ಮೇಲೆ ಅದು ತಾರೀಖು. ಬೀರುವಿನಲ್ಲಿ ಕೋಟು ಸಿದ್ಧವಾಗಿ ನೇತಾಡುತ್ತಿತ್ತು.

"ಅಂದ್ರೆ, ಸ್ವಾತಿ ಬರೋ ಹೊತ್ತಿಗೆ ಗ್ಲೆನ್ ವೇವರ್ಲಿ ಮನೇಲಿ ನಾನು, ಆದ್ಯಾ ಇಬ್ಬರೇನಾ ವಿರೂ?"

ವಿರುಪಾಕ್ಷ ಸ್ಪೀಕರ್ ಆರಿಸಲು ಫೋನಿನತ್ತ ಕೈ ಚಾಚಿದ.

"ಹಲೋ?" ಎಂದಿತು ಫೋನು. "ವೈನಿ, ಇಂವ ಇನ್ನೂ ಹೇಳಿಲ್ಲೇನ್ರಿ?"

"ಐಯೋವಾದಾಗ ಎರಡs ವರ್ಷದ ಕೆಲಸ, ಪ್ರಣತಿ" ಎಂದ ವಿರುಪಾಕ್ಷ, ಲೋಟ ನೋಡುತ್ತ. "ನೀವು ಇಲ್ಲಿ ಬಂದು ನೆಲಿ ನಿಂತ ಮ್ಯಾಲೆ ಹೇಳೋಣಂತ ಇದ್ದೆ."

ಆ ರೋಹಿಣಿ ನಿಜಕ್ಕೂ ಹೆಂಗಸಾಗಿದ್ದರೇ ಚೆನ್ನಾಗಿತ್ತು ಎನಿಸಿತು ಪ್ರಣತಿಗೆ. ಕೂಗಾಡಲು ಒಬ್ಬಳಾದರೂ ಸಿಗುತ್ತಿದ್ದಳು. ಮಳೆಯನ್ನು ಬೈದು ಏನು ಬಂತು? ಅವಳು ಒಳಗೆ ಹೋಗಿ ಆದ್ಯಾಳನ್ನು ಎಬ್ಬಿಸಿ, ಸಿಡ್ನಿಯಿಂದ ತಂದ ಬಟ್ಟೆಗಳನ್ನು ಮತ್ತೆ ಬ್ಯಾಗಿಗೆ ತುಂಬಿದಳು.

ಮಂಗಳವಾರ ಬೆಳಿಗ್ಗೆ ಸಿಡ್ನಿಯ ಆಫೀಸಿನಲ್ಲಿ ತನ್ನ ಕುರ್ಚಿಯ ಮೇಲೆ ಕೂತಳು. ರಾಜೀನಾಮೆ ಕೊಡಲಿಲ್ಲ.